ಹೇಳಿದ್ದನ್ನು ತಿರುಗಿ ಹೇಳುತ್ತಿದ್ದ ಅಪ್ಪಯ್ಯ

ಅಪ್ಪಯ್ಯನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಊಟ ಮುಗಿಸಿ ಕೈ ತೊಳೆಯುತ್ತಿದ್ದ ದೂರದ ಸಂಬಂಧಿಕರೊಬ್ಬರು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಪಾಪ, ಅಂವ ಮನೇಲಿ ಇದ್ದದ್ದೇ ಕಮ್ಮಿ ಅಲ್ದಾ?" ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಲೆಕ್ಕ ಹಾಕಿದರೆ ಸುಳ್ಳೂ ಅಲ್ಲ. ಆದರೆ ಆ ಮಾತು ಆವತ್ತಿನಿಂದ ನನ್ನ ಜೊತೆಗೇ ಇದೆ. ಅದಕ್ಕೊಂದು ಉತ್ತರ ಕೊಡದೆ ನನಗೆ ಸಮಾಧಾನ ಇಲ್ಲ.

ಲೆಕ್ಕ ನಾನೇ ಹಾಕಿದ್ದೇನೆ. ಅಮ್ಮನ ಕಬ್ಬಿಣದ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ಅಪ್ಪಯ್ಯನ ನಾಲ್ಕು ಸಿಡಿಸಿ ಪುಸ್ತಕಗಳಿವೆ. ಹಡಗಿನಲ್ಲಿ ದುಡಿಯುವವರಿಗೆ ಪಾಸ್‌ಪೋರ್ಟಿನಷ್ಟೇ ಮುಖ್ಯವಾದ ಪುಸ್ತಕ ಅದು. ಯಾವ ಹಡಗು, ಎಷ್ಟು ಟನ್ನಿನದು, ಯಾವ ದಿನ ಯಾವ ಬಂದರಿನಲ್ಲಿ ಹತ್ತಿದರು, ಯಾವ ದಿನ ಎಲ್ಲಿ ಇಳಿದರು, ಎಲ್ಲ ಸಾಲಾಗಿ ಇರುತ್ತದೆ. ಹತ್ತುವುದಕ್ಕೆ ಸೈನ್ ಆನ್, ಇಳಿಯುವುದಕ್ಕೆ ಸೈನ್ ಆಫ್. ಅಪ್ಪಯ್ಯನ ಮೊದಲ ಸಾಲು 1973, ಮುಂಬೈ. ಕೊನೆಯ ಸಾಲು 2008. ಒಂದು ಮಧ್ಯಾಹ್ನ ಕೂತು ಒಂದೊಂದೇ ಸಾಲಿನ ದಿನಗಳನ್ನು ಕೂಡಿಸುತ್ತಾ ಹೋದೆ. ಆ 35 ವರ್ಷಗಳಲ್ಲಿ 23 ವರ್ಷ ಚಿಲ್ಲರೆ ಅಪ್ಪಯ್ಯ ನೀರಿನ ಮೇಲಿದ್ದರು. ಅಕ್ಕ ಹುಟ್ಟಿದ ದಿನ, ನಾನು ಹುಟ್ಟಿದ ದಿನ, ಮನೆ ಒಕ್ಕಲಾದ ದಿನ, ಅಜ್ಜಿ ಹೋದ ದಿನ, ಎಲ್ಲದಕ್ಕೂ ಆ ಪುಸ್ತಕದಲ್ಲಿ ಒಂದೊಂದು ಹಡಗಿನ ಹೆಸರಿದೆ.

ನಮ್ಮದು ಕೋಡಿ ಬೆಂಗ್ರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಲ್ಪೆಯಿಂದ ಹೂಡೆ ಮೇಲೆ ಬಡಗು ದಿಕ್ಕಿಗೆ ಬರುತ್ತಾ ಬಂದರೆ ಭೂಮಿ ಸಣ್ಣದಾಗುತ್ತಾ ಹೋಗಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಆಗಿಬಿಡುತ್ತದೆ. ಅದರ ತುದಿ ನಮ್ಮೂರು. ಸೀತಾ, ಸುವರ್ಣಾ ಎರಡೂ ಹೊಳೆಗಳು ಅಲ್ಲೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಆಚೆ ದಡ ಹಂಗಾರಕಟ್ಟೆ, ಹಿಂದೆ ದೊಡ್ಡ ಮಂಜಿಗಳು, ಅಂದರೆ ಸರಕಿನ ಹಾಯಿಹಡಗುಗಳು, ಬಂದು ಹೋಗುತ್ತಿದ್ದ ಬಂದರು. ಅಜ್ಜ ರಾಂಪಣಿ ಬಲೆಯವರು. ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ ಅದು. ಬಂಗುಡೆ, ಬೂತಾಯಿ ಬಿದ್ದ ದಿನ ಊರಿಗೆ ಊರೇ ದಡದಲ್ಲಿ, ಬೀಳದ ತಿಂಗಳು ಎಲ್ಲರ ಮನೆಯಲ್ಲೂ ಗಂಜಿ. ಬಂದದ್ದು ಪಾಲಾಗಿ ಹಂಚಿದರೆ ಆರು ಮಕ್ಕಳ ಮನೆಗೆ ಏನು ಸಿಕ್ಕೀತು? ಮುಂಬೈಯಲ್ಲಿದ್ದ ಸೋದರಮಾವ ಕರೆದರು, ಅಪ್ಪಯ್ಯ ಬಸ್ಸು ಹತ್ತಿದರು. ಮುಂದೆ 70ರ ದಶಕ ಮುಗಿಯುವ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಆಚೆಯೇ ಹಿಡಿಯುವುದು ಶುರುವಾಯಿತು. ಒಂದು ರಜೆಯಲ್ಲಿ ಅಪ್ಪಯ್ಯ ಊರಿಗೆ ಬಂದಾಗ ಅಜ್ಜನ ರಾಂಪಣಿ ಬಲೆ ಮಡಚಿ ಅಟ್ಟ ಸೇರಿತ್ತು.

ಹಡಗಿನಲ್ಲಿ ಕೆಲಸ ಅಂದ ಕೂಡಲೇ ಜನ ಕ್ಯಾಪ್ಟನ್ ಬಗ್ಗೆ ಕೇಳುತ್ತಾರೆ. ಬಿಳಿ ಯೂನಿಫಾರ್ಮ್, ಹೆಗಲ ಮೇಲೆ ಚಿನ್ನದ ಪಟ್ಟಿ. ಅಪ್ಪಯ್ಯ ಆ ಪೈಕಿ ಅಲ್ಲ. ಖಲಾಸಿಯಾಗಿ ಸೇರಿದರು, ತುಕ್ಕು ಕೆರೆದರು, ಬಣ್ಣ ಬಳಿದರು, ಹಗ್ಗ ಎಳೆದರು. ಆಮೇಲೆ ಸುಕ್ಕಾನಿ ಆದರು. ಹಡಗಿನ ಚುಕ್ಕಾಣಿ ಹಿಡಿಯುವವರು. ಎರಡೂ ಒಂದೇ ಮೂಲದ ಮಾತು. ಅರಬ್ಬಿಯಲ್ಲಿ ಸುಕ್ಕಾನ್ ಅಂದರೆ ಚುಕ್ಕಾಣಿ, ಅದನ್ನು ಹಿಡಿಯುವವನು ಸುಕ್ಕಾನಿ. ನಮ್ಮ ಕರಾವಳಿಗೆ ಮಂಜಿಗಳಲ್ಲಿ ಬಂದವರ ಜೊತೆಗೇ ಈ ಮಾತೂ ಬಂದು ಕನ್ನಡವಾಗಿ ಹೋಗಿದೆ. ಪೇಪರಿನಲ್ಲಿ ಅವರು ಪಕ್ಷದ ಚುಕ್ಕಾಣಿ ಹಿಡಿದರು, ಇವರು ಸಂಘದ ಚುಕ್ಕಾಣಿ ಹಿಡಿದರು ಅಂತ ಓದುವಾಗೆಲ್ಲ ನನಗೆ ಅಪ್ಪಯ್ಯನ ಕೈ ನೆನಪಾಗುತ್ತದೆ. ನಿಜವಾದ ಚುಕ್ಕಾಣಿ ಹಿಡಿದ ಕೈ, ಹೆಬ್ಬೆರಳಿನ ಬುಡ ಕಲ್ಲಿನ ಹಾಗೆ ಗಟ್ಟಿ.

ಚುಕ್ಕಾಣಿ ಹಿಡಿಯುವುದು ಹೇಗೆ ಅಂತ ಅಪ್ಪಯ್ಯ ನನಗೆ ಊಟದ ಬಟ್ಟಲು ಹಿಡಿದು ತೋರಿಸಿದ್ದರು. ನಡುಕಡಲಿನಲ್ಲಿ ಹಡಗು ಆಟೋ ಪೈಲಟ್ ಮೇಲೆ ಹೋಗುತ್ತದೆ. ಬಂದರಿಗೆ ಹೋಗುವಾಗ, ಬರುವಾಗ, ಸೂಯೆಜ್ ಕಾಲುವೆಯಲ್ಲಿ, ಮಲಕ್ಕಾ ಜಲಸಂಧಿಯ ಹಾಗೆ ಹಡಗುಗಳ ಸಂತೆ ಇರುವಲ್ಲಿ ಮನುಷ್ಯನ ಕೈ ಬೇಕು. ಅಲ್ಲಿ ದಾರಿ ತೋರಿಸಲು ಹಡಗು ಹತ್ತುವ ಸ್ಥಳೀಯ ಪೈಲಟ್ ಆಗಲಿ ಕ್ಯಾಪ್ಟನ್ ಆಗಲಿ ಚುಕ್ಕಾಣಿ ಮುಟ್ಟುವುದಿಲ್ಲ. ಅವರು ಬಾಯಲ್ಲಿ ಹೇಳುತ್ತಾರೆ, ತಿರುಗಿಸುವವನು ಸುಕ್ಕಾನಿ.

"ಸ್ಟಾರ್‌ಬೋರ್ಡ್ ಟೆನ್" ಅಂತ ಪೈಲಟ್ ಹೇಳಿದರೆ, ಬಲಕ್ಕೆ ಹತ್ತು ಡಿಗ್ರಿ ಅಂತ ಅರ್ಥ. ಸುಕ್ಕಾನಿ ತಕ್ಷಣ "ಸ್ಟಾರ್‌ಬೋರ್ಡ್ ಟೆನ್ ಸರ್" ಅಂತ ತಿರುಗಿ ಹೇಳಬೇಕು. ಆಮೇಲೆ ತಿರುಗಿಸಬೇಕು. ಮುಳ್ಳು ಹತ್ತಕ್ಕೆ ಬಂದ ಮೇಲೆ, ಹತ್ತಕ್ಕೆ ಬಂತು ಅಂತ ಇನ್ನೊಮ್ಮೆ ಹೇಳಬೇಕು. ಅಂದರೆ ಒಂದೇ ಮಾತು ಮೂರು ಸಲ: ಹೇಳಿದ್ದು, ಕೇಳಿಸಿಕೊಂಡದ್ದು, ಮಾಡಿ ಮುಗಿಸಿದ್ದು. ಗಾಳಿಯ ಸದ್ದಿದೆ, ಇಂಜಿನ್ನಿನ ಸದ್ದಿದೆ, ಪೈಲಟ್ ಈಜಿಪ್ಟಿನವನೋ ಜಪಾನಿನವನೋ ಆಗಿರುತ್ತಾನೆ, ಅವನ ಇಂಗ್ಲಿಷು ಒಂದು ಥರ, ನಮ್ಮದು ಇನ್ನೊಂದು ಥರ. ಬಲ ಅಂದದ್ದು ಎಡ ಅಂತ ಕೇಳಿಸಿದರೆ ಮುಗಿಯಿತು. ಸರಕು ತುಂಬಿದ ದೊಡ್ಡ ಟ್ಯಾಂಕರ್ ಪೂರ್ತಿ ನಿಲ್ಲುವುದಕ್ಕೇ ಕೆಲವು ಕಿಲೋಮೀಟರ್ ಬೇಕು. "ಕಾರಿನ ಹಾಗೆ ಬ್ರೇಕ್ ಇಲ್ಲ ಮಗಾ" ಅನ್ನುತ್ತಿದ್ದರು, "ಕಿವಿಯೇ ಬ್ರೇಕ್."

ಈ ಅಭ್ಯಾಸ ಅವರನ್ನು ಹಡಗಿನಿಂದ ಮನೆಗೂ ಹಿಂಬಾಲಿಸಿ ಬಂತು. ನಾನು ಹೇಳಬೇಕೆಂದಿರುವುದು ಇದನ್ನೇ.

ಅಮ್ಮ ಒಳಗಿಂದ "ಹ್ವಾಯ್, ಅರ್ಧ ಕೆಜಿ ನೀರುಳ್ಳಿ, ಒಂದು ತೆಂಗಿನೆಣ್ಣೆ, ಬೆಲ್ಲ ಬೇಡ" ಅಂದರೆ, ಅಪ್ಪಯ್ಯ ಚಪ್ಪಲಿ ಹಾಕಿಕೊಳ್ಳುತ್ತಾ "ಅರ್ಧ ಕೆಜಿ ನೀರುಳ್ಳಿ, ಒಂದು ತೆಂಗಿನೆಣ್ಣೆ, ಬೆಲ್ಲ ಬೇಡ" ಅನ್ನುತ್ತಿದ್ದರು. ಬೆಲ್ಲ ಬೇಡ ಅನ್ನುವುದೂ ಸೇರಿ. ವಾಪಸ್ ಬಂದು ಚೀಲ ಅಡುಗೆ ಕಟ್ಟೆಯ ಮೇಲಿಟ್ಟು "ನೀರುಳ್ಳಿ ಬಂತು, ಎಣ್ಣೆ ಬಂತು" ಅಂತ ವರದಿ. ಚಿಕ್ಕವಳಿದ್ದಾಗ ಎಲ್ಲ ಅಪ್ಪಂದಿರೂ ಹೀಗೇ ಮಾತಾಡುತ್ತಾರೆ ಅಂದುಕೊಂಡಿದ್ದೆ. ಗೆಳತಿಯ ಮನೆಗೆ ಹೋದಾಗ ಅವಳಪ್ಪ ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದದ್ದು ನೋಡಿ ನನಗೆ ಏನೋ ಬಿಟ್ಟುಹೋದ ಹಾಗಾಯಿತು. ಅವರು ಕೇಳಿಸಿಕೊಂಡರಾ ಇಲ್ಲವಾ ಅಂತ ಗೊತ್ತಾಗುವುದು ಹೇಗೆ?

ಆರನೇ ಕ್ಲಾಸಿನಲ್ಲಿ ಲೆಕ್ಕ ತಪ್ಪಿದ್ದಕ್ಕೆ ಎಲ್ಲರ ಎದುರು ನನ್ನನ್ನು ನಿಲ್ಲಿಸಿ ನಗಾಡಿದ್ದರು. ಮನೆಗೆ ಬಂದು ಅಳುತ್ತಾ ಹೇಳಿದೆ. ಆಗ ಅಪ್ಪಯ್ಯ ರಜೆಯಲ್ಲಿದ್ದರು. ಸಮಾಧಾನ ಮಾಡಲಿಲ್ಲ, ಶಾಲೆಗೆ ಬಂದು ಕೇಳುತ್ತೇನೆ ಅಂತ ಎದ್ದೂ ನಿಲ್ಲಲಿಲ್ಲ. "ಎಲ್ಲರ ಎದುರು ನಿಲ್ಸಿದ್ರು. ನಿನಗೆ ಉತ್ತರ ಗೊತ್ತಿತ್ತು, ಹೆದರಿಕೆಗೆ ಬಾಯಿಗೆ ಬರಲಿಲ್ಲ. ಆಮೇಲೆ ಎಲ್ಲರೂ ನಗಾಡಿದ್ರು" ಅಂತ ನಾನು ಹೇಳಿದ್ದನ್ನೇ ನಿಧಾನಕ್ಕೆ ನನ್ನ ಎದುರು ಹೇಳಿದರು. ಒಂದು ಮಾತೂ ಬಿಟ್ಟಿರಲಿಲ್ಲ, ಒಂದನ್ನೂ ಸೇರಿಸಿರಲಿಲ್ಲ. ನನಗೆ ಅಳು ನಿಂತಿತು. ಈಗ ನಲವತ್ತು ದಾಟಿದ್ದೇನೆ. ಅಷ್ಟು ಪೂರ್ತಿಯಾಗಿ ನನ್ನ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡ ನೆನಪು ನನಗಿಲ್ಲ.

ರಜೆ ಅಂದರೆ ಮೂರು ತಿಂಗಳು, ಕೆಲವೊಮ್ಮೆ ನಾಲ್ಕು. ಅದರಲ್ಲೂ ಮುಂಬೈಯಲ್ಲಿ ಮುಂದಿನ ಹಡಗಿಗೆ ಸರದಿ ಕಾಯುವುದಕ್ಕೆ ಒಂದಷ್ಟು ದಿನ ಕಳೆಯಬೇಕಿತ್ತು, ಊರಿನವರೇ ಹತ್ತು ಜನ ಸೇರಿ ಒಂದು ಖೋಲಿಯಲ್ಲಿ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಬಾಂಬೆ ಬಸ್ಸೇ ಗತಿ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ತಂದ ಸಾಮಾನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೇಪ್ ರೆಕಾರ್ಡರ್, ಹಾಲಿನ ಪುಡಿ ಡಬ್ಬಿ, ಕೊಡಲಿ ಚಿತ್ರದ ಎಣ್ಣೆ ಬಾಟ್ಲಿ, ಇವು ಹಡಗಿನವರ, ಗಲ್ಫಿನವರ ಎಲ್ಲ ಮನೆಯಲ್ಲೂ ಇದ್ದವು.

ಮನೆಯಲ್ಲಿದ್ದಾಗಲೂ ಬೆಳಗಿನ ಮೂರೂವರೆಗೆ ಎಚ್ಚರ. ಹಡಗಿನಲ್ಲಿ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಹೀಗೆ ದಿನಕ್ಕೆ ಎರಡು ಸಲ ವಾಚ್. ಅಪ್ಪಯ್ಯನದು ಹೆಚ್ಚಾಗಿ ನಾಲ್ಕರಿಂದ ಎಂಟು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸೂರ್ಯ ಹುಟ್ಟುವುದು ಮುಳುಗುವುದು ಎರಡೂ ಅವರ ಪಾಲಿಗೆ. ಆ ಹೊತ್ತಿನಲ್ಲೇ ಚೀಫ್ ಆಫೀಸರ್ ಸೆಕ್ಸ್‌ಟೆಂಟ್ ಹಿಡಿದು ನಕ್ಷತ್ರ ಅಳೆಯುತ್ತಿದ್ದರು. ನೋಡಿ ನೋಡಿ ಅಪ್ಪಯ್ಯನೂ ಕಲಿತರು. ಕಡಲ ದಡಕ್ಕೆ ಕರೆದುಕೊಂಡು ಹೋಗಿ, ಕೈ ನೀಟಾಗಿ ಮುಂದೆ ಚಾಚಿ ಮುಷ್ಟಿ ಕಟ್ಟಲು ಹೇಳುತ್ತಿದ್ದರು. ಆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಬಡಗು ದಿಕ್ಕಿನಲ್ಲಿ ನೆಲ ಆಕಾಶ ಸೇರುವಲ್ಲಿಂದ ಒಂದು ಮುಷ್ಟಿ ಮೇಲೆ, ಇನ್ನೂ ಎರಡು ಬೆರಳು ಮೇಲೆ ಒಂದು ಮಂಕು ನಕ್ಷತ್ರ. ಅದು ಧ್ರುವ. ನಮ್ಮ ಊರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಅದಕ್ಕೇ ಧ್ರುವವೂ ನಮಗೆ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಹಡಗು ಬಡಗಿಗೆ ಹೋದಂತೆ ಅದು ಮೇಲೇರುತ್ತದೆ. ಭೂಮಧ್ಯರೇಖೆ ದಾಟಿ ತೆಂಕಕ್ಕೆ ಹೋದರೆ ಕಾಣುವುದೇ ಇಲ್ಲ. "ಒಂದು ಮುಷ್ಟಿ ಎರಡು ಬೆರಳಿಗೆ ಬಂತು ಅಂದ್ರೆ ನಮ್ಮ ಮನೆ ನೇರಕ್ಕೆ ಬಂದೆ ಅಂತ ಲೆಕ್ಕ" ಅನ್ನುತ್ತಿದ್ದರು. ಜಗತ್ತಿನಲ್ಲಿ ಎಲ್ಲೇ ಇದ್ದರೂ ನಮ್ಮ ಮನೆ ಎಷ್ಟು ಎತ್ತರದಲ್ಲಿದೆ ಅಂತ ಆಕಾಶ ನೋಡಿ ಹೇಳುತ್ತಿದ್ದ ಮನುಷ್ಯನಿಗೆ ಮನೆಯಲ್ಲಿ ಇರಲಿಲ್ಲ ಅನ್ನುವುದು ಹೇಗೆ?

ಒಂದೇ ಒಂದು ಸಲ ಅವರ ಹಡಗು ಪಣಂಬೂರಿಗೆ ಬಂತು, ಕುದುರೆಮುಖದ ಅದಿರು ತುಂಬಿಸಿಕೊಳ್ಳಲು. ಹೊರಗೆ ಲಂಗರು ಹಾಕಿ ಎರಡು ದಿನ ಕಾಯಬೇಕಾಯಿತು. ಸುದ್ದಿ ಹೇಗೋ ಸಿಕ್ಕಿ ಅಮ್ಮ ನಮ್ಮಿಬ್ಬರನ್ನು ಕಟ್ಟಿಕೊಂಡು ಬಸ್ಸು ಬದಲಿಸಿ ಪಣಂಬೂರು ಬೀಚಿಗೆ ಹೋದಳು. ದೂರದಲ್ಲಿ ನಾಲ್ಕು ಹಡಗುಗಳು ನಿಂತಿದ್ದವು. ಯಾವುದು ಅಪ್ಪಯ್ಯನದು ಅಂತ ಗೊತ್ತಿಲ್ಲ. ಅಮ್ಮ ನಾಲ್ಕಕ್ಕೂ ಕೈ ಬೀಸಿದಳು. ಅವತ್ತು ಬೆಳಗಿನ ಜಾವ ಕಾಪು ದೀಪಸ್ತಂಭದ ಬೆಳಕು ಕಂಡಾಗ ಅಪ್ಪಯ್ಯ ವಾಚಿನಲ್ಲೇ ಇದ್ದರಂತೆ. ನಮ್ಮ ಊರು ಆಗಲೇ ಹಿಂದೆ ಹೋಗಿತ್ತು, ಕತ್ತಲಲ್ಲಿ ಮಲ್ಪೆಯ ದೋಣಿಗಳ ದೀಪ ಮಾತ್ರ ಕಂಡಿತು ಅಂದಿದ್ದರು.

ಅಮ್ಮನ ಬಗ್ಗೆ ಹೇಳದೆ ಹಡಗಿನವನ ಬಗ್ಗೆ ಹೇಳಲು ಆಗುವುದಿಲ್ಲ. ತಿಂಗಳು ತಿಂಗಳು ಸಂಬಳದ ಒಂದು ಪಾಲು ಅಲಾಟ್‌ಮೆಂಟ್ ಅಂತ ಬ್ಯಾಂಕಿಗೆ ಬರುತ್ತಿತ್ತು. ಅದರಲ್ಲಿ ಅಮ್ಮ ಮುರಕಲ್ಲಿನ ಮನೆ ಕಟ್ಟಿಸಿದಳು, ಬಾವಿ ತೋಡಿಸಿದಳು, ನಾದಿನಿಯರ ಮದುವೆ ಮಾಡಿದಳು. 80ರ ದಶಕದಲ್ಲಿ ಇರಾನ್ ಇರಾಕ್ ಯುದ್ಧದ ಹೊತ್ತಿಗೆ ಟ್ಯಾಂಕರುಗಳ ಮೇಲೆ ದಾಳಿ ಶುರುವಾಯಿತಲ್ಲ, ನೂರಾರು ವ್ಯಾಪಾರಿ ಹಡಗುಗಳಿಗೆ ಪೆಟ್ಟು ಬಿತ್ತಲ್ಲ, ಆಗ ಅಪ್ಪಯ್ಯ ಗಲ್ಫಿನಲ್ಲಿ ಟ್ಯಾಂಕರ್ ಮೇಲಿದ್ದರು. ರೇಡಿಯೋದಲ್ಲಿ ವಾರ್ತೆ ಶುರುವಾದರೆ ಅಮ್ಮ ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿ ಬರುತ್ತಿದ್ದಳು. ಬೊಬ್ಬರ್ಯನಿಗೆ ಹರಕೆ ಹೇಳಿಕೊಂಡಿದ್ದಳು. ಕಡಲಿಗೆ ಹೋದವರನ್ನು ಕಾಯುವ ದೈವ ಅಲ್ವಾ, ನಮ್ಮ ಕರಾವಳಿಯಲ್ಲಿ ಬೊಬ್ಬರ್ಯನಿಗೆ ಕೈ ಮುಗಿಯದೆ ನೀರಿಗೆ ಇಳಿದವರು ಕಡಿಮೆ. ಏಜೆಂಟರ ವಿಳಾಸಕ್ಕೆ ಬರೆದ ಪತ್ರ ಬಂದರಿನಿಂದ ಬಂದರಿಗೆ ಹಡಗಿನ ಹಿಂದೆ ಅಲೆದು ತಲುಪುವಾಗ ತಿಂಗಳು ಕಳೆದಿರುತ್ತಿತ್ತು. ಅಪ್ಪಯ್ಯನ ಉತ್ತರಗಳೂ ಹಾಗೇ, ತಿರುಗಿ ಹೇಳುವುದು. "ಬಾವಿಯಲ್ಲಿ ಹನ್ನೆರಡು ಅಡಿಗೆ ನೀರು ಬಂತು ಅಂತ ಬರೆದಿದ್ದಿ. ಚಿಕ್ಕವಳಿಗೆ ಮುಂದಿನ ಹಲ್ಲು ಬಿತ್ತು ಅಂತ ಬರೆದಿದ್ದಿ." ಆಮೇಲೆ ಕೊನೆಯಲ್ಲಿ ಎರಡೇ ಸಾಲು ತನ್ನದು. ನಾವು ಬರೆದದ್ದೇ ನಮಗೆ ವಾಪಸ್ ಬರುತ್ತದೆ ಅಂತ ಆಗ ಬೇಸರವಾಗುತ್ತಿತ್ತು. ಈಗ ಆ ಪತ್ರಗಳಿಂದಲೇ ನಮ್ಮ ಮನೆಯ ಚರಿತ್ರೆ ಗೊತ್ತಾಗುತ್ತಿದೆ. ಅಮ್ಮ ಬರೆದವು ಒಂದೂ ಉಳಿದಿಲ್ಲ.

ಅಜ್ಜಿ ಹೋದದ್ದು ಆಟಿ ತಿಂಗಳ ಮಳೆಯಲ್ಲಿ. ಕಂಪೆನಿಗೆ ತಂತಿ ಹೋಯಿತು. ಅಲ್ಲಿಂದ ಹಡಗಿಗೆ ಸುದ್ದಿ ಕಳಿಸುವುದಕ್ಕೆ ನಾಲ್ಕು ದಿನ ತಡ ಮಾಡಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಬ್ರೆಜಿಲಿನಿಂದ ಅದಿರು ತುಂಬಿಕೊಂಡು, ಆಫ್ರಿಕಾದ ತುದಿ ದಾಟಿ, ಹಡಗು ಜಪಾನಿನ ಕಡೆ ಹೋಗುತ್ತಿತ್ತು. ಬೆಳಗಿನ ವಾಚಿನಲ್ಲಿ ರೇಡಿಯೋ ಆಫೀಸರ್ ಒಂದು ಚೀಟಿ ಹಿಡಿದು ಚುಕ್ಕಾಣಿ ಇರುವ ಬ್ರಿಡ್ಜಿಗೆ ಬಂದರು. ಅಪ್ಪಯ್ಯ ಓದಿದರು, ಮಡಚಿ ಕಿಸೆಗೆ ಹಾಕಿದರು, ಎಂಟು ಗಂಟೆಯವರೆಗೆ ಅಲ್ಲೇ ನಿಂತರು. ಮುಂದಿನವನು ಬಂದಾಗ ಕೋರ್ಸ್, ಅಂದರೆ ಹಡಗು ಹೋಗುತ್ತಿರುವ ದಿಕ್ಕಿನ ಡಿಗ್ರಿ, ಒಪ್ಪಿಸಿ ಕೆಳಗಿಳಿದರು. "ಸೊನ್ನೆ ಏಳು ಎರಡು." ಅಜ್ಜಿಯ ತಿಥಿ ಅಪ್ಪಯ್ಯನಿಗೆ ಎಷ್ಟೋ ಸಲ ಮರೆಯುತ್ತಿತ್ತು, ಪಂಚಾಂಗ ನೋಡಿ ಅಮ್ಮನೇ ನೆನಪಿಸಬೇಕಿತ್ತು. ಆ 072 ಮಾತ್ರ ಸಾಯುವವರೆಗೂ ಮರೆಯಲಿಲ್ಲ.

ಬದಲಿ ಜನ ಸಿಗಲಿಲ್ಲ ಅಂತ ಅವರ ಅವಧಿ ಮೂರು ತಿಂಗಳು ಮುಂದೆ ಹೋಯಿತು. ಮನೆಗೆ ಬಂದಾಗ ಅಜ್ಜಿ ಹೋಗಿ ಐದು ತಿಂಗಳು. ಚೀಲ ಇಳಿಸಿ, ಕಾಲು ತೊಳೆದು, ಅಮ್ಮನ ಹತ್ತಿರ ಒಂದೇ ಕೇಳಿದರು, ಕೊನೆಗೆ ಏನಾದರೂ ಹೇಳಿದಳಾ ಅಂತ. ಅಮ್ಮ ಹೇಳಿದಳು, "ಹಪ್ಪಳ ಮೇಲಿನ ಡಬ್ಬಿಯಗೆ ಇತ್ತ್, ಅವನಿಗೆ ಇರ್ಲಿ ಅಂದ್ರು." ಬೇಸಿಗೆಯಲ್ಲಿ ಒಣಗಿಸಿದ ಹಲಸಿನ ಹಪ್ಪಳ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಎಂಟು ವರ್ಷ ಇರಬೇಕು. ಅಪ್ಪಯ್ಯ "ಹಪ್ಪಳ ಮೇಲಿನ ಡಬ್ಬಿಯಗೆ ಇತ್ತ್, ಅವನಿಗೆ ಇರ್ಲಿ" ಅಂದರು. ಒಳಗೆ ಹೋದರು. ಸ್ಟೂಲ್ ಎಳೆದ ಸದ್ದು, ಡಬ್ಬಿಯ ಮುಚ್ಚಳ ತೆಗೆದ ಸದ್ದು. ತುಂಬಾ ಹೊತ್ತು ಬರಲೇ ಇಲ್ಲ. ಆಮೇಲೆ ಬಾಗಿಲಿಗೆ ಬಂದು, ಅಮ್ಮನ ಕಡೆ ನೋಡದೆ, "ಹಪ್ಪಳ ತೆಗೆದೆ" ಅಂದರು.

ನಿವೃತ್ತರಾದ ಮೇಲೆ 14 ವರ್ಷ ಮನೆಯಲ್ಲಿದ್ದರು. 2020ರಲ್ಲಿ ಕೊರೊನಾ ಬಂದು ಬಂದರುಗಳು ಮುಚ್ಚಿದಾಗ ಜಗತ್ತಿನಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ಹಡಗುಗಳಲ್ಲೇ ಉಳಿದರು. ಪಕ್ಕದ ಮನೆಯ ಹುಡುಗನೂ ಅವರಲ್ಲಿ ಒಬ್ಬ, ಹದಿನೈದು ತಿಂಗಳು. ಊರಿನಲ್ಲಿ ಎಲ್ಲರೂ ಅವನಿಗೆ ಧೈರ್ಯ ಹೇಳುತ್ತಿದ್ದರು. ಅಪ್ಪಯ್ಯ ಸಿಗ್ನಲ್ ಸಿಕ್ಕಿದಾಗೆಲ್ಲ ಫೋನ್ ಹಿಡಿದು ಅಂಗಳದಲ್ಲಿ ಕೂತು ಸುಮ್ನೆ ಕೇಳುತ್ತಿದ್ದರು. "ನೀರು ರೇಷನ್ ಮಾಡಿದ್ದಾರೆ. ನಿದ್ದೆ ಬತ್ತಿಲ್ಲ." ಅಷ್ಟೇ, ಅವನು ಹೇಳಿದ್ದೇ. ಅಪ್ಪಯ್ಯ ತೀರಿಹೋದ ಸುದ್ದಿ ಕೇಳಿ ಮೊದಲು ಓಡಿ ಬಂದವನು ಅವನೇ.

ಪ್ರತಿ ವರ್ಷ ಮಳೆ ಮುಗಿದ ಮೇಲೆ ಅಪ್ಪಯ್ಯ ಗೇಟಿನ ತುಕ್ಕು ಕೆರೆಯುತ್ತಿದ್ದರು. ಕಡಲ ಬದಿಯ ಕಬ್ಬಿಣ, ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಹೊಪ್ಪಳೆ ಏಳುತ್ತದೆ. ಹಡಗಿನಿಂದ ತಂದ ಸುತ್ತಿಗೆಯಿಂದ ತಟ್ಟಿ ತಟ್ಟಿ, ಬ್ರಶ್ಶಿನಿಂದ ಉಜ್ಜಿ, ಕೆಂಪು ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಹಸಿರು ಬಣ್ಣ. 2022ರ ನವೆಂಬರಿನಲ್ಲಿ ಕೆಂಪು ಹಚ್ಚಿದ್ದರು. ಹಸಿರು ಹಚ್ಚುವ ಮೊದಲು ಎದೆನೋವು ಬಂತು. ಗೇಟು ಎರಡು ವರ್ಷ ಹಾಗೇ ಕೆಂಪಾಗಿತ್ತು. ಯಾರಾದರೂ ಕೇಳಿದರೆ ಅಮ್ಮ "ಬಣ್ಣ ತಂದಿಟ್ಟಿದ್ರು" ಅನ್ನುತ್ತಿದ್ದಳು, ಮುಂದೆ ಏನೂ ಹೇಳುತ್ತಿರಲಿಲ್ಲ.

ಈ ಸಲ ಊರಿಗೆ ಹೋದಾಗ ಕೊಟ್ಟಿಗೆಯಿಂದ ಆ ಹಸಿರು ಬಣ್ಣದ ಡಬ್ಬಿ ತೆಗೆದೆ. ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ತೆರೆದ ತಾರೀಕು ಬರೆದಿದ್ದರು. ಮೇಲೆ ಕೆನೆ ಕಟ್ಟಿತ್ತು. ಕಡ್ಡಿಯಿಂದ ಎತ್ತಿ ತೆಗೆದರೆ ಒಳಗೆ ಬಣ್ಣ ಇನ್ನೂ ಹಸಿ. ಗೇಟನ್ನು ಮತ್ತೆ ಕೆರೆದು, ಕೆಂಪು ಹಚ್ಚಿ, ಮರುದಿನ ಹಸಿರು ಹಚ್ಚಿದೆ. ಒಂದು ಕೋಟ್ ಹಚ್ಚಲು ಸರಿಯಾಯಿತು. ಎರಡನೆಯದಕ್ಕೆ ಸಾಲದು. ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಬ್ರಹ್ಮಾವರಕ್ಕೆ ಹೋಪುದಾದ್ರೆ ಇದೇ ಹಸಿರು ಅರ್ಧ ಲೀಟರ್. ಬ್ರಶ್ ಬೇಡ" ಅಂದಳು.

"ಇದೇ ಹಸಿರು ಅರ್ಧ ಲೀಟರ್, ಬ್ರಶ್ ಬೇಡ" ಅಂದೆ.

ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಚೀಲ ತಂದು ಕೊಟ್ಟಳು.